ಒಕ್ಸಾನಾ ಹೊತ್ತ ನಾಲ್ಕು ಬಾವುಟಗಳು

2018ರ ಆಗಸ್ಟ್. ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಮಿಶ್ರ ರಿಲೇ ನಡೆಯಿತು. ಇಬ್ಬರು ಗಂಡಸರು, ಇಬ್ಬರು ಹೆಂಗಸರು, ತಲಾ 400 ಮೀಟರ್. ಭಾರತದ ತಂಡದಲ್ಲಿ ನಮ್ಮ ಮಂಗಳೂರಿನ ಎಂ.ಆರ್. ಪೂವಮ್ಮ ಇದ್ದರು, ಜೊತೆಗೆ ಹಿಮಾ ದಾಸ್, ಮೊಹಮ್ಮದ್ ಅನಸ್, ಆರೋಕ್ಯ ರಾಜೀವ್. ಬಹರೇನ್ ಗೆದ್ದಿತು, ನಾವು ಎರಡನೆಯವರು. ಬಹರೇನಿನ ಕೆಮಿ ಅಡೆಕೋಯಾ ಹಿಮಾ ಓಡುವ ದಾರಿಗೆ ಅಡ್ಡ ಬಿದ್ದರೆಂದು ಭಾರತ ಕೊಟ್ಟ ದೂರು ತಿರಸ್ಕೃತವಾಯಿತು. ಎರಡು ವರ್ಷದ ಮೇಲೆ, ನಾವೆಲ್ಲ ಲಾಕ್‌ಡೌನಿನಲ್ಲಿ ಮನೆಯೊಳಗೆ ಕೂತಿದ್ದಾಗ, ಸುದ್ದಿ ಬಂತು. ಅಡೆಕೋಯಾ ಉದ್ದೀಪನ ಮದ್ದು ಸೇವಿಸಿ ನಿಷೇಧಕ್ಕೆ ಒಳಗಾಗಿದ್ದರಿಂದ ಬಹರೇನಿನ ಪದಕ ರದ್ದಾಗಿ ಚಿನ್ನ ಭಾರತಕ್ಕೆ ಬಂದಿತ್ತು.

ಅಡೆಕೋಯಾ ಹುಟ್ಟಿದ್ದು ನೈಜೀರಿಯಾದಲ್ಲಿ. 2014ರ ಇಂಚಿಯಾನ್ ಏಷ್ಯಾಡ್‌ನ ಸ್ಟೀಪಲ್‌ಚೇಸ್‌ನಲ್ಲಿ ಸಾತಾರಾ ಜಿಲ್ಲೆಯ ಲಲಿತಾ ಬಾಬರ್ ಅವರನ್ನು ಹಿಂದೆ ಹಾಕಿ ಬಹರೇನಿಗೆ ಚಿನ್ನ ತಂದ ರೂತ್ ಜೆಬೆಟ್ ಕೆನ್ಯಾದವರು. ಅವರೇ 2016ರಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲೂ ಗೆದ್ದರು, ಮುಂದೆ ಅವರೂ ಮದ್ದಿನ ಪ್ರಕರಣದಲ್ಲಿ ಸಿಕ್ಕಿಬಿದ್ದರು. ‘ಇವರೆಲ್ಲ ಬಾಡಿಗೆ ಓಟಗಾರರು’ ಎಂದು ಆಗ ನಾನು ಸಿಟ್ಟಿನಿಂದ ಅಂದಿದ್ದೆ. ಆದರೆ ಪೂವಮ್ಮ ಅವರೂ 2022ರಲ್ಲಿ ಮದ್ದಿನ ಪರೀಕ್ಷೆಯ ಕಾರಣಕ್ಕೆ ನಿಷೇಧಕ್ಕೆ ಒಳಗಾದಾಗ ನನ್ನ ಸಿಟ್ಟಿಗೆ ಅಷ್ಟು ಬಲ ಉಳಿಯಲಿಲ್ಲ. ಮದ್ದಿನ ಮಾತು ಬೇರೆ, ಬಾವುಟದ ಮಾತು ಬೇರೆ ಎಂದು ಅನ್ನಿಸಿ, ದೇಶ ಬದಲಿಸಿದ ಕ್ರೀಡಾಪಟುಗಳ ಹಳೆಯ ಕತೆಗಳನ್ನು ಓದತೊಡಗಿದೆ.

ಹಣದ ಕತೆಗಳು ಇದ್ದೇ ಇವೆ. 2003ರಲ್ಲಿ ಕೆನ್ಯಾದ ಸ್ಟೀಫನ್ ಚೆರೊನೊ ಕತಾರ್ ಸೇರಿ ಸೈಫ್ ಸಯೀದ್ ಶಾಹೀನ್ ಆದರು. ಅದೇ ತಿಂಗಳು ಪ್ಯಾರಿಸ್‌ನಲ್ಲಿ ವಿಶ್ವ ಚಾಂಪಿಯನ್ ಕೂಡ ಆದರು. ಆ ಫೈನಲ್‌ನಲ್ಲಿ ಅವರ ಸ್ವಂತ ಅಣ್ಣ ಕೆನ್ಯಾ ಪರವಾಗಿ ಓಡುತ್ತಿದ್ದರು! ಆದರೆ ಒಲಿಂಪಿಕ್ಸ್ ನಿಯಮದ ಪ್ರಕಾರ ದೇಶ ಬದಲಿಸಿದವರು ಮೂರು ವರ್ಷ ಕಾಯಬೇಕು. ಹಳೆಯ ದೇಶ ಒಪ್ಪಿದರೆ ಮಾತ್ರ ರಿಯಾಯಿತಿ. ಕೆನ್ಯಾ ಒಪ್ಪಲಿಲ್ಲ. ಜಗತ್ತಿನ ಅತಿ ವೇಗದ ಸ್ಟೀಪಲ್‌ಚೇಸ್ ಓಟಗಾರ 2004ರ ಅಥೆನ್ಸ್ ಒಲಿಂಪಿಕ್ಸಿಗೆ ಹೋಗಲಾಗಲಿಲ್ಲ. ಒಲಿಂಪಿಕ್ಸ್ ಮುಗಿದು ಒಂದು ವಾರವೂ ಆಗಿರಲಿಲ್ಲ, ಬ್ರಸೆಲ್ಸ್‌ನಲ್ಲಿ 7 ನಿಮಿಷ 53.63 ಸೆಕೆಂಡಿನ ವಿಶ್ವದಾಖಲೆ ಬರೆದರು. ಅದು 2023ರ ತನಕ ಉಳಿಯಿತು. ತೊಂಬತ್ತು ದಿನದ ನೋಟಿಸ್ ಪೀರಿಯಡ್ಡಿಗೇ ಗೊಣಗುವ ನಮ್ಮಂಥ ಐಟಿಯವರು ಈ ಮೂರು ವರ್ಷವನ್ನು ಒಮ್ಮೆ ಯೋಚಿಸಿ ನೋಡಬೇಕು.

ಈಗ ಒಕ್ಸಾನಾ ಚುಸೊವಿಟಿನಾ ಅವರ ಕತೆಗೆ ಬರುತ್ತೇನೆ. 1975ರಲ್ಲಿ ಉಜ್ಬೇಕಿಸ್ತಾನದ ಬುಖಾರಾದಲ್ಲಿ ಹುಟ್ಟಿದ ಜಿಮ್ನಾಸ್ಟ್. ಆಗ ಅದು ಸೋವಿಯತ್ ಒಕ್ಕೂಟ. 1991ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹದಿನಾರರ ಹುಡುಗಿ ಸೋವಿಯತ್ ಬಾವುಟದಡಿ ಚಿನ್ನ ಗೆದ್ದಳು. ಆ ವರ್ಷ ಮುಗಿಯುವಷ್ಟರಲ್ಲಿ ಸೋವಿಯತ್ ಒಕ್ಕೂಟವೇ ಇರಲಿಲ್ಲ. 1992ರ ಬಾರ್ಸಿಲೋನಾಕ್ಕೆ ಹಳೆಯ ಗಣರಾಜ್ಯಗಳವರು ‘ಯುನಿಫೈಡ್ ಟೀಮ್’ ಎಂಬ ಹೆಸರಿನಲ್ಲಿ ಬಂದರು. ತಂಡದ ಚಿನ್ನ ಬಂದಾಗ ಮೇಲೇರಿದ್ದು ಐದು ಉಂಗುರಗಳ ಒಲಿಂಪಿಕ್ ಬಾವುಟ. ಮರುವರ್ಷದಿಂದ ಆಕೆ ಉಜ್ಬೇಕಿಸ್ತಾನದವರು. ಊರು ಬಿಡದೆ, ಅರ್ಜಿ ಹಾಕದೆ, ಮೂರು ಬಾವುಟಗಳಾದವು. ಇದನ್ನು ದೇಶಾಂತರ ಅನ್ನುವುದೋ ಬೇಡವೋ ನೀವೇ ಹೇಳಿ.

ನಾಲ್ಕನೆಯದು ಮಾತ್ರ ಆಕೆ ತಾನಾಗಿ ಆರಿಸಿಕೊಂಡದ್ದು. ಕುಸ್ತಿಪಟು ಬಖೋದಿರ್ ಕುರ್ಬಾನೊವ್ ಅವರೊಂದಿಗೆ ಮದುವೆಯಾಗಿ 1999ರಲ್ಲಿ ಮಗ ಅಲಿಶೆರ್ ಹುಟ್ಟಿದ. ಮಗುವನ್ನು ಬಿಟ್ಟು ಮತ್ತೆ ಅಖಾಡಕ್ಕಿಳಿದು ಮರುವರ್ಷ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದರು. 2002ರಲ್ಲಿ ಮಗುವಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ಬೇಕಾದ ಚಿಕಿತ್ಸೆ ಊರಿನಲ್ಲಿ ಇರಲಿಲ್ಲ. ಜರ್ಮನಿಯ ಕಲೋನ್ ನಗರದ ಜಿಮ್ನಾಸ್ಟಿಕ್ಸ್ ತರಬೇತುದಾರರು ಕರೆದರು. ಕುಟುಂಬ ಅಲ್ಲಿಗೆ ಹೋಯಿತು. ಮಗು ಆಸ್ಪತ್ರೆಯಲ್ಲಿ, ತಾಯಿ ಜಿಮ್‌ನಲ್ಲಿ. ಸ್ಪರ್ಧೆಯಲ್ಲಿ ಗೆದ್ದ ಹಣ ಚಿಕಿತ್ಸೆಗೆ ಹೋಗುತ್ತಿತ್ತು. ಜಿಮ್ನಾಸ್ಟಿಕ್ಸ್ ಬಳಗದವರೂ ಹಣ ಕೂಡಿಸಿ ಕೊಟ್ಟರು.

ಗಮನಿಸಬೇಕಾದ ವಿಷಯವೆಂದರೆ, ಆ ವರ್ಷಗಳಲ್ಲಿ ಜರ್ಮನಿಯಲ್ಲಿ ಬದುಕುತ್ತಲೇ ಆಕೆ ಉಜ್ಬೇಕಿಸ್ತಾನದ ಪರವಾಗಿಯೇ ಸ್ಪರ್ಧಿಸಿದರು. 2003ರಲ್ಲಿ ವಾಲ್ಟ್‌ನಲ್ಲಿ ವಿಶ್ವ ಚಿನ್ನ ತಂದುಕೊಟ್ಟದ್ದು ಉಜ್ಬೇಕಿಸ್ತಾನಕ್ಕೇ. 2006ರಲ್ಲಿ ಪೌರತ್ವ ಸಿಕ್ಕ ಮೇಲೆ ಜರ್ಮನಿಯ ಜರ್ಸಿ ತೊಟ್ಟರು. 2008ರಲ್ಲಿ ಬೀಜಿಂಗ್‌ನಲ್ಲಿ, 33ರ ವಯಸ್ಸಿನಲ್ಲಿ, ತಮ್ಮ ಅರ್ಧ ವಯಸ್ಸಿನ ಹುಡುಗಿಯರ ನಡುವೆ ವಾಲ್ಟ್ ಬೆಳ್ಳಿ. ಮಗ ಗುಣಮುಖನಾಗಿದ್ದಾನೆ ಎಂದು ವೈದ್ಯರು ಹೇಳಿದ್ದೂ ಅದೇ ವರ್ಷ. ಉಂಡ ಮನೆಗೆ ಎರಡು ಬಗೆದವರೆಂದು ಆಕೆಯನ್ನು ಹೇಗೆ ಕರೆಯುವುದು? ಯಾವ ಮನೆ, ಯಾವ ಊಟ?

ಎಲ್ಲರ ಕೈಯಲ್ಲೂ ಇಷ್ಟು ಆಯ್ಕೆ ಇರುವುದಿಲ್ಲ. ದಕ್ಷಿಣ ಆಫ್ರಿಕಾದ ಜೋಲಾ ಬಡ್ ಬರಿಗಾಲಿನಲ್ಲಿ ಓಡುತ್ತಿದ್ದ ಹುಡುಗಿ. ವರ್ಣಭೇದ ನೀತಿಯಿಂದಾಗಿ ಆ ದೇಶಕ್ಕೆ ಒಲಿಂಪಿಕ್ಸ್‌ನಲ್ಲಿ ಜಾಗವಿರಲಿಲ್ಲ. 1984ರಲ್ಲಿ ಲಂಡನ್ನಿನ ಡೈಲಿ ಮೇಲ್ ಪತ್ರಿಕೆ ಆಕೆಯ ಅಪ್ಪನೊಂದಿಗೆ ಒಪ್ಪಂದ ಮಾಡಿಕೊಂಡಿತು. ಅಜ್ಜ ಬ್ರಿಟನ್ನಿನವರು ಎಂಬ ಆಧಾರದ ಮೇಲೆ ಎರಡು ವಾರದೊಳಗೆ ಪೌರತ್ವವೂ ಸಿಕ್ಕಿತು. ಸಾಮಾನ್ಯರು ವರ್ಷಗಟ್ಟಲೆ ಕಾಯುವ ಕಾಗದ ಅದು, ಹಾಗಾಗಿ ಜನರ ಸಿಟ್ಟೂ ನ್ಯಾಯವಾದದ್ದೇ. ಆದರೆ ಆ ಸಿಟ್ಟು ತಟ್ಟಿದ್ದು ಹದಿನೆಂಟರ ಹುಡುಗಿಗೆ. ಲಾಸ್ ಏಂಜಲೀಸ್‌ನ 3000 ಮೀಟರ್ ಫೈನಲ್‌ನಲ್ಲಿ ಅಮೆರಿಕದ ಮೇರಿ ಡೆಕರ್ ಆಕೆಯ ಕಾಲಿಗೆ ತಗುಲಿ ಬಿದ್ದರು. ಕ್ರೀಡಾಂಗಣ ಪೂರ್ತಿ ಕೂಗಿ ಮೂದಲಿಸಿತು, ಜೋಲಾ ಏಳನೆಯವರಾದರು. 1992ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಬಾಗಿಲು ತೆರೆದಾಗ ಅವರು ಬಾರ್ಸಿಲೋನಾದಲ್ಲಿ ಹುಟ್ಟಿದ ದೇಶದ ಪರವಾಗಿ ಓಡಿದರು.

ಜಮೈಕಾದ ಮರ್ಲೀನ್ ಆಟಿ ಅವರದು ಇನ್ನೊಂದು ಬಗೆಯ ನೋವು. ಇಪ್ಪತ್ತು ವರ್ಷ ದೇಶಕ್ಕೆ ಪದಕ ತಂದವರು. 2000ದಲ್ಲಿ ಆಯ್ಕೆ ಓಟದಲ್ಲಿ ನಾಲ್ಕನೆಯವರಾದರೂ ಅವರಿಗೆ 100 ಮೀಟರಿನಲ್ಲಿ ಜಾಗ ಕೊಟ್ಟಾಗ, ಸಿಡ್ನಿಯ ಕ್ರೀಡಾಗ್ರಾಮದಲ್ಲಿ ಸ್ವಂತ ತಂಡದವರೇ ಪ್ರತಿಭಟಿಸಿದರು. ಎರಡು ವರ್ಷದ ಮೇಲೆ ಅವರು ಸ್ಲೊವೇನಿಯಾದ ಪ್ರಜೆಯಾದರು. 2010ರಲ್ಲಿ, ಐವತ್ತರ ವಯಸ್ಸಿನಲ್ಲಿ, ಯೂರೋಪಿಯನ್ ಚಾಂಪಿಯನ್‌ಷಿಪ್‌ನ ರಿಲೇಯಲ್ಲಿ ಆ ದೇಶಕ್ಕಾಗಿ ಓಡಿದರು.

ನಮ್ಮ ದೇಶದಲ್ಲಿ ಈ ವಿಷಯ ಬಿಗಿ. ದ್ವಿಪೌರತ್ವ ಇಲ್ಲ. 2008ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ, ಭಾರತದ ಪೌರರಷ್ಟೇ ಭಾರತದ ಪರ ಆಡಬಹುದೆಂದು ಹೇಳಿತು. ಅಮೆರಿಕದಲ್ಲಿ ಹುಟ್ಟಿದ ಸುನೀತಾ ರಾವ್ ಅದೇ ವರ್ಷ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸಾನಿಯಾ ಮಿರ್ಜಾ ಜೊತೆ ಡಬಲ್ಸ್ ಆಡಿದ್ದರು. ಅಂಥವರಿಗೆ ಈ ತೀರ್ಮಾನದಿಂದ ಪೆಟ್ಟು ಬಿತ್ತು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟುಕೊಟ್ಟು ಭಾರತದ ಪಾಸ್‌ಪೋರ್ಟ್ ಪಡೆದಾಗ ಅದು ದೊಡ್ಡ ಸುದ್ದಿಯಾದದ್ದು ಇದಕ್ಕೇ. ಬೇರೆಯವರು ಬಿಟ್ಟುಬಂದರೆ ನಮಗೆ ಅದು ಅಭಿಮಾನ, ನಮ್ಮವರು ಬಿಟ್ಟುಹೋದರೆ ಸಂಕಟ, ನನಗೂ ಹಾಗೆಯೇ.

ಒಕ್ಸಾನಾ ಜರ್ಮನಿಯಲ್ಲೇ ಉಳಿಯಬಹುದಿತ್ತು. 2012ರ ಲಂಡನ್ ಒಲಿಂಪಿಕ್ಸ್ ಮುಗಿಸಿ, ತವರಿಗೆ ಮರಳಿದಂತೆ ಮತ್ತೆ ಉಜ್ಬೇಕಿಸ್ತಾನದ ಜರ್ಸಿ ತೊಟ್ಟರು. ರಿಯೊದಲ್ಲಿ 41ರ ವಯಸ್ಸಿನಲ್ಲಿ ನಮ್ಮ ದೀಪಾ ಕರ್ಮಾಕರ್ ಮಾಡಿದ ಅದೇ ಅಪಾಯಕಾರಿ ಪ್ರೊಡುನೊವಾ ವಾಲ್ಟ್‌ಗೆ ಕೈಹಾಕಿದರು. ದೀಪಾ ನಾಲ್ಕನೆಯವರು, ಈಕೆ ಏಳನೆಯವರು. 2021ರ ಟೋಕಿಯೊದಲ್ಲಿ ಕೋವಿಡ್‌ನಿಂದಾಗಿ ಪ್ರೇಕ್ಷಕರಿರಲಿಲ್ಲ. ಅದು ಅವರ ಎಂಟನೆಯ ಒಲಿಂಪಿಕ್ಸ್, ಫೈನಲ್ ತಲುಪಲಿಲ್ಲ. ಆದರೂ ಅಲ್ಲಿದ್ದ ಕ್ರೀಡಾಪಟುಗಳು, ತರಬೇತುದಾರರು, ಸ್ವಯಂಸೇವಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಕೆ ಅತ್ತರು, ಇನ್ನು ಸಾಕು ಎಂದರು.

ಸಾಕಾಗಲಿಲ್ಲ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ವಾಲ್ಟ್ ಫೈನಲ್‌ನಲ್ಲಿ, 48ರ ವಯಸ್ಸಿನಲ್ಲಿ, ಉಜ್ಬೇಕಿಸ್ತಾನದ ಪರವಾಗಿ ನಾಲ್ಕನೆಯವರಾದರು. ಅದೇ ಫೈನಲ್‌ನಲ್ಲಿ ಬಂಗಾಳದ ಪ್ರಣತಿ ನಾಯಕ್ ಇದ್ದರು. ಒಕ್ಸಾನಾ ಬಾರ್ಸಿಲೋನಾದಲ್ಲಿ ಚಿನ್ನ ಗೆದ್ದಾಗ ಪ್ರಣತಿ ಹುಟ್ಟಿರಲೇ ಇಲ್ಲ.