ತಗಡೂರು ಸೀಮೆಯ ರಾಟೆ: ಕಾಯಕವೂ ಸಮಪಂಕ್ತಿಯೂ



ವ್ಯಾಸಂಗಕ್ಕಾಗಿ ಹೊರದೇಶಗಳಿಗೆ ತೆರಳಿದ ನಮ್ಮ ಯುವಕ ಯುವತಿಯರು ಅಲ್ಲಿನ ‘ಹಿಪ್ಪಿ’ ವಸತಿಗಳನ್ನು ನೋಡಿ ಬೆರಗಾಗುವುದುಂಟು. ಕೋಪನ್‌ಹೇಗನ್ ನಗರದ ಹಳೆಯ ಸೇನಾವಸತಿಯಲ್ಲಿ 1971ರಲ್ಲಿ ನೆಲೆಗೊಂಡ ಕ್ರಿಸ್ಟಿಯಾನಿಯಾ, ಅದೇ ವರ್ಷ ಅಮೆರಿಕದ ಟೆನೆಸ್ಸಿಯಲ್ಲಿ ಆರಂಭವಾದ ‘ದಿ ಫಾರ್ಮ್’ ಇವುಗಳಲ್ಲಿ ಹೆಸರಾದವು. ಕೈದುಡಿಮೆ, ಹಂಚಿಕೊಂಡು ಬಾಳುವುದು, ಸರಳ ಜೀವನ ಇವು ಅಲ್ಲಿನ ಆದರ್ಶಗಳು. ಇದು ಶರಣರ ಕಾಯಕ ದಾಸೋಹಗಳಂತೆಯೇ ಅಲ್ಲವೇ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರವನ್ನು ನಮ್ಮ ನಂಜನಗೂಡು ತಾಲ್ಲೂಕಿನ ತಗಡೂರು ಸೀಮೆಯ ಇತಿಹಾಸದಲ್ಲಿ ಅರಸಬಹುದು. ಆ ಇತಿಹಾಸದ ಒಂದು ಬೇರು ವಿದೇಶದಲ್ಲಿ ಓದಿದ ವಿದ್ಯಾರ್ಥಿಯೊಬ್ಬರ ಜೀವನದಲ್ಲಿದೆ.

1888ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೋದ ಮೋಹನದಾಸ ಗಾಂಧಿಯವರು ಅಲ್ಲಿ ಸಸ್ಯಾಹಾರಿಗಳ ಸಂಘವನ್ನು ಸೇರಿದರು. ಲೋಕದ ರೂಢಿಗೆ ಬೇರೆಯಾಗಿ ಬದುಕಬಯಸಿದವರ ಸಹವಾಸ ಅವರಿಗೆ ಮೊದಲು ದೊರೆತದ್ದು ಆ ಸಂಘದಲ್ಲಿ. ಮುಂದೆ ದಕ್ಷಿಣ ಆಫ್ರಿಕದಲ್ಲಿದ್ದಾಗ, 1895ರಲ್ಲಿ, ಡರ್ಬನ್ ಸಮೀಪದ ಮರಿಯನ್‌ಹಿಲ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠವನ್ನು ಅವರು ಸಂದರ್ಶಿಸಿದರು. ಅಲ್ಲಿನವರು ಮೌನವ್ರತಿಗಳು, ಮಾಂಸವನ್ನು ತ್ಯಜಿಸಿದವರು. ಕಮ್ಮಾರಿಕೆ, ಬಡಗಿತನ, ಚಮ್ಮಾರಿಕೆಗಳಲ್ಲಿ ನಿರತರಾದವರು. ಅಲ್ಲಿ ಕರಿಯರು ಬಿಳಿಯರೆಂಬ ಭೇದವಿಲ್ಲದಿದ್ದುದು ಗಾಂಧಿಯವರ ಮನಸ್ಸಿಗೆ ಬಹಳವಾಗಿ ನಾಟಿತು. ಅವರು 1904ರಲ್ಲಿ ಫೀನಿಕ್ಸ್ ಆಶ್ರಮವನ್ನೂ 1910ರಲ್ಲಿ ಟಾಲ್‌ಸ್ಟಾಯ್ ಫಾರ್ಮನ್ನೂ ಸ್ಥಾಪಿಸಿದರು. ಅವರ ಸಂಗಾತಿ ಕಾಲೆನ್‌ಬಾಕ್ ಅದೇ ಮರಿಯನ್‌ಹಿಲ್ಲಿನಲ್ಲಿ ಪಾದರಕ್ಷೆ ಹೊಲಿಯುವುದನ್ನು ಕಲಿತು ಬಂದು ಫಾರ್ಮಿನವರಿಗೆ ಕಲಿಸಿದರು.

ನಿಜವಾದ ಪರೀಕ್ಷೆ ಎದುರಾದದ್ದು ಸ್ವದೇಶದಲ್ಲಿ. 1915ರಲ್ಲಿ ಅಹಮದಾಬಾದಿನ ಕೋಚರಬ್ ಆಶ್ರಮಕ್ಕೆ ದೂದಾಭಾಯಿ ಎಂಬ ಅಸ್ಪೃಶ್ಯರ ಕುಟುಂಬವನ್ನು ಸೇರಿಸಿಕೊಂಡಾಗ ಬಾವಿಯ ನೀರಿಗೆ ತಕರಾರು ಬಂದಿತು, ಧನಸಹಾಯ ನಿಂತುಹೋಯಿತು. ಆಶ್ರಮದೊಳಗೂ ಅಸಮಾಧಾನ ಮೂಡಿತು. ಅಲ್ಲಿಯವರೆಗೆ ಆಶ್ರಮದ ಸರಳತೆಯನ್ನು ಮೆಚ್ಚಿದ್ದವರೇ ಸಮಾನತೆಗೆ ಹಿಂಜರಿದರು!

ಈ ಪರಂಪರೆಯ ಬೀಜವೇ ತಗಡೂರಿಗೆ ಬಂದು ಬಿದ್ದಿತು. ತಗಡೂರು ರಾಮಚಂದ್ರರಾಯರು ಖಾದಿಗೂ ಸ್ವಾತಂತ್ರ್ಯ ಹೋರಾಟಕ್ಕೂ ತಮ್ಮ ಬಾಳನ್ನು ಮೀಸಲಿಟ್ಟರು. ಅದೇ ತಾಲ್ಲೂಕಿನ ಬದನವಾಳುವಿನಲ್ಲಿ 1927ರಲ್ಲಿ ಮೈಸೂರು ಸರ್ಕಾರದ ಖಾದಿ ಕೇಂದ್ರ ಪ್ರಾರಂಭವಾಯಿತು. ಮಳೆಯನ್ನೇ ನಂಬಿದ ಒಕ್ಕಲು ಮನೆಗಳಿಗೆ ಬೇಸಿಗೆಯ ಬಿಡುವಿನಲ್ಲಿ ರಾಟೆಯ ನೂಲು ನಾಲ್ಕು ಕಾಸು ತರುವ ಕಾಯಕವಾಯಿತು.

ಆದರೆ ಇತಿಹಾಸ ಹೇಳುವ ಕಹಿಯನ್ನೂ ನಾವು ಕೇಳಲೇಬೇಕು. ಅದೇ ಬದನವಾಳುವಿನಲ್ಲಿ 1993ರಲ್ಲಿ, ಸಿದ್ಧೇಶ್ವರ ದೇವಾಲಯದ ಪ್ರವೇಶದ ವಿವಾದದ ಬೆನ್ನಲ್ಲೇ, ಮೂವರು ದಲಿತರ ಕೊಲೆಯಾಯಿತು. ಆ ಕಲಹದಲ್ಲಿ ಎದುರು ನಿಂತಿದ್ದವರು ಲಿಂಗಾಯತರು. ಎರಡು ಕೇರಿಗಳನ್ನು ಕೂಡಿಸುತ್ತಿದ್ದ ದಾರಿ ಅಂದಿನಿಂದ ಮುಚ್ಚಿಹೋಯಿತು. 2015ರ ಏಪ್ರಿಲ್ 19ರಂದು ರಂಗಕರ್ಮಿ ಪ್ರಸನ್ನ ಅವರ ನೇತೃತ್ವದಲ್ಲಿ ಸುಸ್ಥಿರ ಬದುಕಿನ ಸಮಾವೇಶ ಅಲ್ಲಿಯೇ ನಡೆದು, ನಾಡಿನ ಗಮನವನ್ನು ಆ ರಾಟೆಗಳತ್ತ ಸೆಳೆಯಿತು. ಆ ದಾರಿ ಮತ್ತೆ ತೆರೆದದ್ದು 2022ರ ಅಕ್ಟೋಬರ್ 2ರಂದು, ರಾಹುಲ್ ಗಾಂಧಿಯವರ ಭಾರತ್ ಜೋಡೋ ಯಾತ್ರೆ ಅಲ್ಲಿಗೆ ಬಂದಾಗ. ಅಂದು ಎರಡೂ ಸಮುದಾಯದವರು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು.

ಕಲ್ಯಾಣದ ಕಥೆಯೂ ಇದನ್ನೇ ಹೇಳುತ್ತದೆ. ಶರಣರು ಸೌದೆ ಮಾರಿದರು, ದೋಣಿ ನಡೆಸಿದರು, ಚರ್ಮ ಹದಮಾಡಿದರು. ಅದನ್ನು ಲೋಕ ಸಹಿಸಿತು. ಹರಳಯ್ಯ ಮಧುವರಸರು ಬೀಗರಾದಾಗ ಮಾತ್ರ ಲೋಕ ಕೆರಳಿತೆಂದು ನಮ್ಮ ಪರಂಪರೆ ನೆನೆಯುತ್ತದೆ. ಕೈದುಡಿಮೆಯನ್ನು ಕೊಂಡಾಡುವುದು ಸುಲಭ. ದುಡಿದ ಕೈಯನ್ನು ಹಿಡಿದು ಒಳಗೆ ಕರೆದು ಕೂರಿಸುವುದು ಕಷ್ಟ.

ಆದುದರಿಂದ ಹೊರದೇಶದ ವಸತಿಯೊಂದನ್ನು ಕಂಡು ಬಂದ ಮಕ್ಕಳು ಅದರ ಸರಳತೆಯನ್ನು ಹೊಗಳಿದರೆ, ಸಂತೋಷದಿಂದಲೇ ಕೇಳೋಣ. ಬಳಿಕ ಅಲ್ಲಿ ಯಾರು ಯಾರೊಡನೆ ಕುಳಿತು ಉಣ್ಣುತ್ತಾರೆಂದು ವಿಚಾರಿಸೋಣ. ಅದೇ ಪ್ರಶ್ನೆಯನ್ನು ನಮ್ಮ ನಮ್ಮ ಊರಿನ ಕೇರಿಗಳಲ್ಲಿಯೂ ಕೇಳಿಕೊಳ್ಳೋಣ.