ಗಡಿ ಮಾತಿನಲ್ಲಿ ‘ಹೀಟ್’

ಗುಂಜೋಟಿ, ಉಮರ್ಗಾ, ನಿಲಂಗಾ, ಉದಗೀರ ಭಾಗದ ಹಳ್ಳಿಗಳಲ್ಲಿ ಬಿಸಿಲಿನ ಮಾತಿಗೆ ಬರವಿಲ್ಲ. ಕನ್ನಡದಲ್ಲಿ ಝಳ, ಧಗಿ, ಶೆಕಿ. ಮರಾಠಿಯಲ್ಲಿ ಊನ್, ಉಕಾಡಾ. ಇಷ್ಟಿದ್ದರೂ ಇಂಗ್ಲಿಷಿನ ‘ಹೀಟ್’ ಎರಡೂ ಭಾಷೆಗಳಲ್ಲಿ ಹೊಕ್ಕು ಕುಳಿತಿದೆ. ಅದು ಹೆಚ್ಚು ಬಳಕೆಯಾಗುವುದು ಮಾತ್ರ ಬಿಸಿಲಿಗಲ್ಲ.

ಬಾವಿಯ ಪಂಪು ನಿಂತರೆ ‘ಮೋಟಾರ ಹೀಟ ಆಗ್ಯಾದ’ ಎನ್ನುತ್ತಾರೆ. ಇದು ಸರಳ ಅರ್ಥ.

‘ಎಮ್ಮಿ ಹೀಟಿಗಿ ಬಂದಾದ’ ಎಂದರೆ ಬೆದೆಗೆ ಬಂದಿದೆ ಎಂದು, ಮರಾಠಿಯಲ್ಲಿ ‘ಮಾಜಾವರ್’. ಕೃತಕ ಗರ್ಭಧಾರಣೆ ಮಾಡುವವರ ಬಾಯಿಂದ ಈ ಪದ ಕೊಟ್ಟಿಗೆಗೆ ಬಂದಿತು. ದೇವಣಿ ಆಕಳು ಕಟ್ಟಿದವರಿಗೂ ಇದು ಪರಿಚಿತ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಚುಚ್ಚಿಸುವುದು ರೂಢಿ. ತಪ್ಪಿದರೆ ಸುಮಾರು 21 ದಿನ ಕಾಯಬೇಕು. ಬೇಸಿಗೆಯಲ್ಲಿ ಎಮ್ಮೆ ಒದರದೆ, ಗುರುತು ತೋರದೆ ಬೆದೆಗೆ ಬರುವುದುಂಟು. ಇದೇ ‘ಮೂಕ ಬೆದೆ’, ಮರಾಠಿಯ ‘ಮುಕಾ ಮಾಜ’. ಹೊರಗಿನ ಹೀಟು ಹೆಚ್ಚಿದಷ್ಟೂ ಒಳಗಿನ ಹೀಟು ಕಾಣದಂತಾಗುತ್ತದೆ ಎನ್ನಬಹುದು. ಆದ್ದರಿಂದ ರಾತ್ರಿ ಮತ್ತು ನಸುಕಿನಲ್ಲಿ ಎಮ್ಮೆಯನ್ನು ನೋಡುವುದು ಒಳ್ಳೆಯದು.

ಮನುಷ್ಯರ ವಿಷಯದಲ್ಲಿ ಈ ಪದ ತೊಡಕಿನದು. ಮಾವಿನಹಣ್ಣು ಹೆಚ್ಚು ತಿಂದು ಬಾಯಿ ಹುಣ್ಣಾದರೂ, ಉರಿಮೂತ್ರವಾದರೂ ‘ಹೀಟ ಆಗ್ಯಾದ’. ಅದಕ್ಕೆ ಮಜ್ಜಿಗೆ, ಸಬ್ಜಾ ಬೀಜ ಮನೆಮದ್ದು. ಹೊಲದಲ್ಲಿ ಬಿಸಿಲು ಬಡಿದು ಬಿದ್ದವರಿಗೂ ಅದೇ ಮಾತು ಹೇಳಿ ಮಜ್ಜಿಗೆ ಕುಡಿಸಲು ಹೋಗುವುದು ಅಪಾಯ. ಮರಾಠಿಯ ‘ಉಷ್ಮಾಘಾತ’ ಇದೇ. ಇದರಲ್ಲಿ ಮೈಶಾಖ 40 ಡಿಗ್ರಿ ಸೆಲ್ಸಿಯಸ್ ದಾಟಬಹುದು, ಮಾತು ತೊದಲುತ್ತದೆ, ಎಚ್ಚರ ತಪ್ಪುತ್ತದೆ, ಜೀವಕ್ಕೇ ಸಂಚಕಾರ.

ಮೇಲೆ ‘ತಾಪ’ದ ಗೊಂದಲ ಬೇರೆ. ಕನ್ನಡದಲ್ಲಿ ಅದು ಬಿಸಿ, ಮರಾಠಿಯಲ್ಲಿ ಜ್ವರ. ದವಾಖಾನೆಯಲ್ಲಿ ‘ತಾಪ ಆಹೆ’ ಎಂದಷ್ಟೇ ಹೇಳಿದರೆ ಡಾಕ್ಟರರು ಸಾಮಾನ್ಯ ಜ್ವರವೆಂದು ತಿಳಿಯಬಹುದು. ಎಷ್ಟು ಹೊತ್ತು ಬಿಸಿಲಲ್ಲಿದ್ದರು, ಯಾವಾಗ ಬಿದ್ದರು ಎಂಬುದನ್ನು ಮೊದಲು ಹೇಳಬೇಕು.

ಬಿದ್ದವರನ್ನು ನೆರಳಿಗೆ ತಂದು, ಮೈಮೇಲೆ ತಣ್ಣೀರು ಹಾಕಿ ಗಾಳಿ ಬೀಸಬೇಕು. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಆಂಬುಲೆನ್ಸಿಗೆ ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲೂ ನಂಬರ್ 108.