ಬಾವಡಿಯ ಮೆಟ್ಟಿಲು ಕಲಿಸಿದ ಪಾಠ



ನಮ್ಮ ಕಾರ್ಲ್‌ಸ್ಟಾಡ್‌ಗೆ ನೀರಿನ ಬರವೇ ಇಲ್ಲ. ಊರೊಳಗೆ ಕ್ಲಾರೆಲ್ವೆನ್ ಹೊಳೆ, ಊರ ಮುಂದೆ ಸ್ವೀಡನ್ನಿನ ಅತಿ ದೊಡ್ಡ ಸರೋವರ ವೆನೆರ್ನ್. ಇಲ್ಲೇ ಬೆಳೆದ ನಮ್ಮ ಮಕ್ಕಳಿಗೆ ಬಿಜಾಪುರದ (ಇಂದಿನ ವಿಜಯಪುರ) ಕಥೆ ಹೇಳಬೇಕು.

ಮಳೆ ಕಡಿಮೆಯಾದ ಆ ಬಯಲುಸೀಮೆಯಲ್ಲಿ ಆದಿಲ್‌ಶಾಹಿಗಳು ದೊಡ್ಡ ರಾಜಧಾನಿಯನ್ನೇ ಸಾಕಿದರು. ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನೀರು ತಂದರು. 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಬೇಗಂ ತಲಾಬ್ ಕಟ್ಟಿದರು. ಕೊಳವೆ ಒಡೆಯದಂತೆ ನೀರಿನ ಒತ್ತಡ ತಗ್ಗಿಸಲು ನಡುನಡುವೆ 'ಗಂಜ್' ಎಂಬ ಗೋಪುರಗಳನ್ನು ನಿಲ್ಲಿಸಿದರು.

ಹೆಮ್ಮೆಯ ಮಾತೇ ಸರಿ. ಆದರೆ ವೈದ್ಯನಾದ ನಾನು ನಾರುಹುಣ್ಣನ್ನು ಮರೆಯಲಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೆಟ್ಟಿಲುಬಾವಿಗೆ ಇಳಿದವರ ಕಾಲಿನ ಹುಣ್ಣಿನಿಂದ ಹುಳುವಿನ ಮರಿಗಳು ನೀರಿಗೆ ಸೇರುತ್ತಿದ್ದವು. ಅವನ್ನು ನುಂಗಿದ ಸೂಕ್ಷ್ಮ ಜಲಜೀವಿಗಳು ಕುಡಿಯುವವರ ಹೊಟ್ಟೆ ಸೇರುತ್ತಿದ್ದವು. ಸುಮಾರು ಒಂದು ವರ್ಷದ ಮೇಲೆ ಎರಡು ಮೊಳದ ಹುಳು ಚರ್ಮ ಸೀಳಿ ಹೊರಬರುತ್ತಿತ್ತು. ಇದಕ್ಕೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಔಷಧಿಯೂ ಇಲ್ಲ.

1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮೆಟ್ಟಿಲುಬಾವಿಗಳನ್ನು ಸೇದುಬಾವಿಗಳಾಗಿ ಮಾರ್ಪಡಿಸಿದರು, ಕೈಪಂಪು ಹಾಕಿದರು, ನೀರನ್ನು ಬಟ್ಟೆಯಲ್ಲಿ ಸೋಸಲು ಹೇಳಿಕೊಟ್ಟರು. ಭಾರತದ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ದೇಶ ರೋಗಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಹಾಗೆಂದು ಹೊಸದೆಲ್ಲ ಒಳ್ಳೆಯದಲ್ಲ. ಕೊಳವೆಬಾವಿಯ ಆಳದ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಬಂದು ಹಲ್ಲು, ಮೂಳೆಗಳನ್ನು ಕೆಡಿಸುತ್ತಿದೆ. ಮಳೆನೀರು ಹಿಡಿದಿಡುವ ಹಳೆಯ ಕೆರೆ ಬಾವಿಗಳು ಮತ್ತೆ ಬೇಕಾಗಿವೆ. ಈಚಿನ ವರ್ಷಗಳಲ್ಲಿ ತಾಜ್ ಬಾವಡಿಯ ಹೂಳನ್ನೂ ಎತ್ತಿದ್ದಾರೆ.

ಅಜ್ಜಿ ಕೊಡದ ಬಾಯಿಗೆ ಕಟ್ಟುತ್ತಿದ್ದ ಬಟ್ಟೆ ನೆನಪಿದೆಯೇ? ಹಿರಿಯರ ವಿದ್ಯೆಯನ್ನೂ ನಾವು ಹಾಗೆಯೇ ಸೋಸಿ ಕುಡಿಯೋಣ.